ಶೆಟ್ಟಿಹಳ್ಳಿಯ ಇಗರ್ಜಿ

ಹೇಮಾವತಿ ಎಂದರೆ ಸಾಹಿತ್ಯಪ್ರಿಯರಿಗೆ ಮೊದಲು ನೆನಪಾಗುವವರು ಗೊರೂರು ರಾಮಸ್ವಾಮಿ ಅಯ್ಯಂಗಾರರು. ಆ ಹೊಳೆಯ ದಂಡೆಯ ಹಳ್ಳಿಗಳ ಬದುಕನ್ನು ನಾವೆಲ್ಲ ಅವರ ಪ್ರಬಂಧಗಳಲ್ಲಿ ಓದಿ ನಕ್ಕವರು. ಅವರ ಊರಾದ ಗೊರೂರಿನಲ್ಲಿಯೇ ಹೇಮಾವತಿಗೆ ಅಣೆಕಟ್ಟು ಕಟ್ಟಿ 1979ರಲ್ಲಿ ಮುಗಿಸಿದರು. ಕಟ್ಟೆಯ ಹಿಂದೆ ನಿಂತ ನೀರು ಹರಡಿಕೊಂಡ ಸೀಮೆಯಲ್ಲಿ, ಹಾಸನದಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಶೆಟ್ಟಿಹಳ್ಳಿ ಎಂಬ ಊರಿದೆ. ಅಲ್ಲಿ ಜಪಮಾಲೆ ಮಾತೆಯ ಹೆಸರಿನ ಹಳೆಯ ಇಗರ್ಜಿಯೊಂದು ವರ್ಷದಲ್ಲಿ ಕೆಲವು ತಿಂಗಳು ನೀರಿನಲ್ಲಿಯೂ ಉಳಿದ ತಿಂಗಳು ಬಯಲಿನಲ್ಲಿಯೂ ನಿಂತಿರುತ್ತದೆ. ಈ ಹೊತ್ತು ನಾನು ಹೇಳಹೊರಟಿರುವುದು ಆ ಕಟ್ಟಡದ ಸಮಾಚಾರವನ್ನು.

ಜನ ಈಗ ಅದನ್ನು ಮುಳುಗುವ ಚರ್ಚು ಎನ್ನುತ್ತಾರೆ. ತೇಲುವ ಚರ್ಚು ಎನ್ನುವವರೂ ಉಂಟು. ಇಟ್ಟಿಗೆಯ ಕಟ್ಟಡ ತೇಲುವುದು ಹೇಗೋ ನನಗೆ ತಿಳಿಯದು. ಆದರೆ ಅನ್ಯರನ್ನು ಆಡಿಕೊಳ್ಳುವ ಹಕ್ಕು ನನಗೆ ಅಷ್ಟಾಗಿ ಇಲ್ಲ. 1984ರಲ್ಲಿ ಕನ್ನಡ ಅಧ್ಯಾಪಕನಾಗಿ ಹಾಸನಕ್ಕೆ ಬಂದವನು ನಾನು. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಬೇಲೂರು, ಹಳೇಬೀಡು, ದೊಡ್ಡಗದ್ದವಳ್ಳಿಗಳಿಗೆ ಕರೆದೊಯ್ದು, ಹೊತ್ತು ಉಳಿದರೆ ಸಂಜೆ ಶೆಟ್ಟಿಹಳ್ಳಿಗೂ ಹೋಗುವುದು ನನ್ನ ವಾಡಿಕೆಯಾಗಿತ್ತು. ಮೇಲ್ಛಾವಣಿಯಿಲ್ಲದ ಆ ಗೋಡೆಗಳ ನಡುವೆ ನಿಂತು ಕಾಲಪುರುಷನ ಮಹಿಮೆಯನ್ನೂ ಪಾಳುಬಿದ್ದುದರ ಚೆಲುವನ್ನೂ ಕುರಿತು ನಾನು ಮಾಡುತ್ತಿದ್ದ ಭಾಷಣ ನನಗೆ ಬಾಯಿಪಾಠವಾಗಿತ್ತು. ಒಂದು ವರ್ಷ, ಭಾಷಣ ಮುಗಿದ ಮೇಲೆ, ಹಿಂದೆ ನಿಂತಿದ್ದ ಹುಡುಗನೊಬ್ಬ ಮೆಲ್ಲನೆ ಹೇಳಿದ: "ಸಾರ್, ಇದು ಪಾಳುಬಿದ್ದ ಗುಡಿ ಅಲ್ಲ, ಬಿಟ್ಟುಬಂದ ಗುಡಿ. ನಮ್ಮ ಅಜ್ಜಿಯ ಮದುವೆ ಆದದ್ದು ಇಲ್ಲೇ." ಅವನ ಮನೆಯವರು ಮುಳುಗಡೆಯಲ್ಲಿ ನೆಲ ಕಳೆದುಕೊಂಡು ಬೇರೆ ಕಡೆ ಹೋಗಿ ನೆಲೆಸಿದವರೆಂಬುದು ಆ ದಿನದವರೆಗೆ ನನಗೆ ಗೊತ್ತಿರಲಿಲ್ಲ. ಮೂರು ವರ್ಷ ನನ್ನ ತರಗತಿಯಲ್ಲಿ ಕುಳಿತಿದ್ದ ಹುಡುಗ ಅವನು.

ಪಾಳುಬೀಳುವುದು ಬೇರೆ, ಬಿಟ್ಟುಬರುವುದು ಬೇರೆ. ಮೊದಲನೆಯದಕ್ಕೆ ಕರ್ತೃವಿಲ್ಲ, ಎರಡನೆಯದಕ್ಕೆ ಇದ್ದಾನೆ. ವ್ಯಾಕರಣ ಕಲಿಸುವವನಿಗೆ ಇದನ್ನು ವಿದ್ಯಾರ್ಥಿ ತೋರಿಸಿಕೊಡಬೇಕಾಯಿತು. ಅಂದಿನಿಂದ ಆ ಕಟ್ಟಡದ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಲು ತೊಡಗಿದೆ.

ಮೊದಲು ಹೆಸರುಗಳನ್ನೇ ನೋಡೋಣ. ಇಗರ್ಜಿ ಎಂಬ ಮಾತು ಪೋರ್ಚುಗೀಸರ ಇಗ್ರೇಜದಿಂದ, ಪಾದ್ರಿ, ಚಾವಿ, ಅಲಮಾರುಗಳ ಜೊತೆಯಲ್ಲಿ, ಪಶ್ಚಿಮ ಕರಾವಳಿಯ ದಾರಿಯಾಗಿ ನಮ್ಮಲ್ಲಿಗೆ ಬಂದದ್ದು. ಅದರ ಬೇರು ಗ್ರೀಕಿನ ಎಕ್ಲೇಸಿಯಾ. ಎಂದರೆ ಕರೆದಾಗ ಬಂದು ಸೇರಿದ ಜನ, ಸಭೆ. ಇಂಗ್ಲಿಷಿನಿಂದ ಬಂದ ಚರ್ಚು ಎಂಬ ಮಾತಿನ ಬೇರೂ ಗ್ರೀಕಿನದೇ, ಆದರೆ ಬೇರೊಂದು ಶಬ್ದ: ಕುರಿಯಕೋನ್, ಒಡೆಯನಿಗೆ ಸೇರಿದ್ದು, ಒಡೆಯನ ಮನೆ. ನಮ್ಮ ಬಸದಿಯೂ ಹೀಗೆಯೇ, ವಸತಿ ಎಂಬುದರಿಂದ ಬಂದದ್ದು. ಆದುದರಿಂದ ಒಂದೇ ಕಟ್ಟಡಕ್ಕೆ ನಾವು ಹಚ್ಚುವ ಎರಡು ಹೆಸರುಗಳಲ್ಲಿ ಒಂದು ಮನೆಯನ್ನು ಹೇಳುತ್ತದೆ, ಇನ್ನೊಂದು ಮಂದಿಯನ್ನು ಹೇಳುತ್ತದೆ. ಶೆಟ್ಟಿಹಳ್ಳಿಯಲ್ಲಿ ಈಗ ನಾವು ನೋಡುವುದು ಚರ್ಚನ್ನು. ಇಗರ್ಜಿ ಎದ್ದುಹೋಯಿತು.

ಆ ಮಂದಿ ಅಲ್ಲಿಗೆ ಬಂದ ಬಗೆಯನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೈಸೂರು ಸೀಮೆಯಲ್ಲಿ ಕ್ಯಾಥೊಲಿಕ್ ಪಾದ್ರಿಗಳ ಕೆಲಸ 17ನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣದಲ್ಲಿ ಮೊದಲಾಯಿತು. ಅದನ್ನು ಆರಂಭಿಸಿದ ಲಿಯೊನಾರ್ಡೊ ಚಿನ್ನಾಮಿ ಇಟಲಿಯ ಜೆಸ್ವಿಟ್ ಪಂಥದವನು. ಕನ್ನಡವನ್ನು ಕಲಿತು ಅದರಲ್ಲಿಯೇ ಬರೆದವನು. 1773ರಲ್ಲಿ ಪೋಪರು ಜೆಸ್ವಿಟ್ ಪಂಥವನ್ನೇ ರದ್ದುಮಾಡಿದ ತರುವಾಯ ಈ ಸೀಮೆಯ ಹೊಣೆ ಪ್ಯಾರಿಸಿನ ವಿದೇಶ ಮಿಷನ್ ಸಂಘದ ಫ್ರೆಂಚ್ ಪಾದ್ರಿಗಳ ಕೈಗೆ ಬಂತು. ಟಿಪ್ಪೂಸುಲ್ತಾನನ ಕಾಲದಲ್ಲಿ ಇಲ್ಲಿನ ಕ್ರೈಸ್ತ ಸಮುದಾಯ ಚದರಿಹೋಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದನ್ನು ಮತ್ತೆ ಕೂಡಿಸಲೆಂದು ಬಂದವರು ಅಬ್ಬೆ ದ್ಯುಬ್ವಾ.

ದ್ಯುಬ್ವಾ ಅವರ ಹೆಸರನ್ನು ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ದೊಡ್ಡ ಗ್ರಂಥದ ಮೂಲಕ ಹಲವರು ಕೇಳಿದ್ದೀರಿ. ಅದರ ಹಸ್ತಪ್ರತಿಯನ್ನು ಮದರಾಸಿನ ಕಂಪನಿ ಸರ್ಕಾರ 1807ರಲ್ಲಿ ಕೊಂಡುಕೊಂಡಿತು. ಇಂಗ್ಲಿಷಿನಲ್ಲಿ ಅದು 1816ರಲ್ಲಿ ಅಚ್ಚಾಯಿತು. ಆ ಗ್ರಂಥದ ಬಹುಭಾಗ ಅವರಿಗಿಂತ ಹಿಂದಿನ ಜೆಸ್ವಿಟ್ ಪಾದ್ರಿ ಕೇರ್ದೂ ಎಂಬವರ ಬರಹದಿಂದ ಎತ್ತಿದ್ದೆಂದು ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ಸಾಧಿಸಿ ತೋರಿಸಿದರು. ಅವರ ಇನ್ನೊಂದು ಕೆಲಸ ನಮಗೆ ಹೆಚ್ಚು ಪ್ರಿಯವಾಗಬೇಕಾದದ್ದು. ತಮಿಳು, ತೆಲುಗು, ಕನ್ನಡ ಪಾಠಗಳನ್ನು ಮುಂದಿಟ್ಟುಕೊಂಡು ಪಂಚತಂತ್ರವನ್ನು ಅವರು ಫ್ರೆಂಚಿಗೆ ತಂದರು. 1826ರಲ್ಲಿ ಅದು ಪ್ರಕಟವಾಯಿತು. ನಮ್ಮ ಹಳ್ಳಿಗಳ ನರಿಯೂ ಎತ್ತೂ ಪ್ಯಾರಿಸಿಗೆ ಹೋದದ್ದು ಹೀಗೆ.

ಆದರೆ ಇಲ್ಲಿ ನಮಗೆ ಬೇಕಾದ ದ್ಯುಬ್ವಾ ಗ್ರಂಥಕಾರನಲ್ಲ. ಸಿಡುಬಿಗೆ ದೇವಿ ಹಾಕಿಸುವ ಕೆಲಸವನ್ನು ಈ ಸೀಮೆಯಲ್ಲಿ ಹರಡಿದವರು ಅವರು. ಬಡಜನರನ್ನು ಬೇಸಾಯದಲ್ಲಿ ನಿಲ್ಲಿಸಲು ಹಳ್ಳಿಗಳನ್ನು ಕಟ್ಟಿದವರು ಅವರು. ಮೈಸೂರು ಗೆಜೆಟಿಯರಿನ ಕಾಲದಿಂದಲೂ ಹಾಸನ ಸೀಮೆಯ ಕ್ರೈಸ್ತ ಬೇಸಾಯಗಾರರ ಹಳ್ಳಿಗಳ ಮೂಲಪುರುಷರೆಂದು ಅವರ ಹೆಸರು ಬರುತ್ತದೆ. ಕಾವಿಯಂಥ ಉಡುಗೆ, ಸಸ್ಯಾಹಾರ. ಜನ ಅವರನ್ನು ದೊಡ್ಡಸ್ವಾಮಿ ಎನ್ನುತ್ತಿದ್ದರಂತೆ. 1823ರಲ್ಲಿ ಅವರು ಫ್ರಾನ್ಸಿಗೆ ಮರಳಿದರು, ಮತ್ತೆ ಬರಲಿಲ್ಲ. ಶೆಟ್ಟಿಹಳ್ಳಿಯ ಕಟ್ಟಡವನ್ನು ಅವರೇ ಕಟ್ಟಿದರೆಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಈಗ ನಾವು ಕಾಣುವುದು ಅವರ ತರುವಾಯದ ತಲೆಮಾರಿನ ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಎಬ್ಬಿಸಿದ ಕಟ್ಟಡ. ಅದರ ಗಾಥಿಕ್ ಶೈಲಿ ಯೂರೋಪಿನಲ್ಲಿಯೇ ಮತ್ತೊಮ್ಮೆ ತಲೆಯೆತ್ತಿ ಪ್ರಚಾರಕ್ಕೆ ಬಂದದ್ದು 19ನೆಯ ಶತಮಾನದ ನಡುವಿನಲ್ಲಿ.

ಆ ಕಾಲದ ಇನ್ನೊಂದು ಸಂಗತಿ ಕನ್ನಡ ಓದಿದವನಾದ ನನ್ನನ್ನು ಮುಟ್ಟುತ್ತದೆ. 1850ರಲ್ಲಿ ಮೈಸೂರು ಸೀಮೆ ಪ್ರತ್ಯೇಕ ಧರ್ಮಪ್ರಾಂತವಾಯಿತು. ಶಾರ್ಬೊನೊ ಎಂಬವರು ಅದರ ಮೊದಲ ಮುಖ್ಯಸ್ಥರು. ಈ ಮಿಷನ್ನಿನವರು ಬೆಂಗಳೂರಿನಲ್ಲಿ 1855ರಲ್ಲಿ ಕನ್ನಡ-ಲ್ಯಾಟಿನ್ ನಿಘಂಟನ್ನೂ 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟನ್ನೂ ಅಚ್ಚು ಹಾಕಿಸಿದರು. ಕಿಟ್ಟೆಲರ ನಿಘಂಟು ಬಂದದ್ದು 1894ರಲ್ಲಿ. ನಾವು ಪಾಠ ಹೇಳುವಾಗ ರೀವ್, ಕಿಟ್ಟೆಲ್ ಎಂದು ನಿಲ್ಲಿಸಿಬಿಡುತ್ತೇವೆ. ಇವನ್ನು ಯಾರೂ ತೆರೆಯುವುದಿಲ್ಲ. ಶೆಟ್ಟಿಹಳ್ಳಿಯ ಗೋಡೆ ಏಳುತ್ತಿದ್ದ ವರ್ಷಗಳಲ್ಲಿಯೇ ಆ ಪಾದ್ರಿಗಳ ಮೇಜಿನ ಮೇಲೆ ಕನ್ನಡದ ಒಂದೊಂದು ಮಾತೂ ಲ್ಯಾಟಿನ್ನಿನ ಎದುರಿಗೆ ಬಂದು ನಿಲ್ಲುತ್ತಿತ್ತು.

ಇನ್ನು ಕಟ್ಟಡ. ಹೊಯ್ಸಳರ ಗುಡಿಗಳನ್ನು ನೋಡಿದ ಕಣ್ಣಿನಿಂದ ಇದನ್ನು ನೋಡಿದರೆ ಭೇದ ಚೆನ್ನಾಗಿ ತಿಳಿಯುತ್ತದೆ. ಬೇಲೂರಿನಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಭಾರ ನೇರವಾಗಿ ಕೆಳಕ್ಕೆ ಇಳಿಯುತ್ತದೆ. ಕಂಬಗಳು ಹತ್ತಿರ ಹತ್ತಿರ, ಒಳಗೆ ನಸುಗತ್ತಲು. ದೇವರ ಮುಂದೆ ಜನ ಸಾಲಾಗಿ ಬಂದು ಹೋಗುವ ಗುಡಿಗೆ ಅದು ತಕ್ಕದ್ದು. ಇಗರ್ಜಿಗೆ ಬೇಕಾದದ್ದು ಊರೇ ಒಟ್ಟಿಗೆ ಕುಳಿತು ಒಂದೇ ಕಡೆ ನೋಡುವ ದೊಡ್ಡ ಅಂಗಳ. ಅದಕ್ಕೆ ಕಮಾನು ಬೇಕು. ಕಮಾನು ತನ್ನ ಭಾರವನ್ನು ಕೆಳಕ್ಕೆ ಮಾತ್ರವಲ್ಲ, ಎರಡು ಪಕ್ಕಗಳಿಗೂ ತಳ್ಳುತ್ತದೆ. ಅರೆವೃತ್ತದ ಕಮಾನಿನಲ್ಲಿ ಈ ಪಕ್ಕದ ತಳ್ಳು ಹೆಚ್ಚು. ತುದಿ ಚೂಪಾದ ಗಾಥಿಕ್ ಕಮಾನಿನಲ್ಲಿ ಕಡಿಮೆ. ಆದುದರಿಂದ ಗೋಡೆಯನ್ನು ಎತ್ತರವಾಗಿ ಏರಿಸಬಹುದು, ಉದ್ದನೆಯ ಕಿಟಕಿಗಳನ್ನು ಬಿಡಬಹುದು. ಉಳಿದ ತಳ್ಳನ್ನು ತಡೆಯಲು ಹೊರಗೋಡೆಗೆ ಆನಿಸಿ ಒತ್ತುಗಂಬಗಳನ್ನು ಕಟ್ಟುತ್ತಾರೆ. ಫ್ರಾನ್ಸಿನ ಹಳೆಯ ಇಗರ್ಜಿಗಳಲ್ಲಿ ಇದು ಕಲ್ಲಿನ ವಿದ್ಯೆ. ನಮ್ಮ ಗಾರೆಯವರು ಅದನ್ನು ಇಟ್ಟಿಗೆ ಮತ್ತು ಸುಣ್ಣದಲ್ಲಿ ಮಾಡಿ ತೋರಿಸಿದರು. ಅವರ ಹೆಸರು ಎಲ್ಲಿಯೂ ಬರೆದಿಲ್ಲ. ಬೇಲೂರಿನ ಶಿಲ್ಪಿಗಳಾದರೋ ಶಿಲೆಯ ಮೇಲೆ ತಮ್ಮ ಹೆಸರು ಕೊರೆದುಕೊಳ್ಳುವಷ್ಟು ಚತುರರು; ಗಾರೆಯವನಿಗೆ ಆ ಅವಕಾಶವಿಲ್ಲ, ಅವನ ಮೇಲೆ ಸುಣ್ಣ ಬಳಿಯುತ್ತಾರೆ.

ಈ ಗಾರೆಯನ್ನು ಕುರಿತು ಒಂದು ಕಥೆಯಿದೆ. ಬೆಲ್ಲ ಮತ್ತು ಕೋಳಿಮೊಟ್ಟೆ ಬೆರೆಸಿ ಕಟ್ಟಿದ್ದರಿಂದಲೇ ನೀರಿನಲ್ಲಿದ್ದರೂ ಇದು ಬೀಳದೆ ನಿಂತಿದೆ ಎನ್ನುವುದು. ವಿದ್ಯಾರ್ಥಿಗಳಿಗೆ ನಾನೂ ಇದನ್ನು ಹೇಳಿದ್ದೇನೆ. ನಾಡಿನ ಯಾವ ಹಳೆಯ ಗೋಡೆಯ ಬಳಿ ಹೋದರೂ ಇದೇ ಅಡಿಗೆಯ ವಿವರ ಕೇಳಿಬರುವುದನ್ನು ಕಂಡಮೇಲೆ ನನಗೆ ಸಂಶಯ ಹುಟ್ಟಿತು. ಕಥೆ ಪೂರ್ತಿ ಸುಳ್ಳಲ್ಲ. ದಕ್ಷಿಣದೇಶದಲ್ಲಿ ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ನೀರು ಹಾಕಿ ಅರೆಯುತ್ತಿದ್ದುದು ನಿಜ. ಬೆಲ್ಲದಿಂದ ಸುಣ್ಣ ನೀರಿನಲ್ಲಿ ಹೆಚ್ಚಾಗಿ ಕರಗಿ ಇಟ್ಟಿಗೆಯ ಸಂದುಗಳಿಗೆ ಇಳಿಯುತ್ತದೆ. ಆದರೆ ಗೋಡೆಯನ್ನು ಹಿಡಿದು ನಿಲ್ಲಿಸುವುದು ಬೆಲ್ಲವಲ್ಲ, ಸುಣ್ಣವೇ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲಾಮ್ಲ ವಾಯು ಹೊರಟುಹೋಗುತ್ತದೆ. ನೀರು ಹಾಕಿ ಅರಳಿಸಿ, ಮರಳು ಸೇರಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದು, ಗೋಡೆಗೆ ಇಟ್ಟ ಮೇಲೆ ಅದು ಕಳೆದುಕೊಂಡ ಆ ವಾಯುವನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಮತ್ತೆ ಎಳೆದುಕೊಳ್ಳುತ್ತದೆ, ಪುನಃ ಕಲ್ಲಾಗುತ್ತದೆ. ದಪ್ಪ ಗೋಡೆಯ ಒಳಭಾಗದಲ್ಲಿ ಇದಕ್ಕೆ ಎಷ್ಟೋ ವರ್ಷ ಹಿಡಿಯುತ್ತದೆ. ಗಾರೆಗೆ ಸುಟ್ಟ ಇಟ್ಟಿಗೆಯ ಪುಡಿ, ಎಂದರೆ ಸುರ್ಕಿ, ಬೆರೆತಿದ್ದರೆ ಅದು ನೀರಿನ ಕೆಳಗೂ ಗಟ್ಟಿಯಾಗಬಲ್ಲದು. ಕನ್ನಂಬಾಡಿ ಕಟ್ಟೆಯನ್ನು ಸಿಮೆಂಟಿಲ್ಲದೆ ಸುರ್ಕಿಯ ಗಾರೆಯಲ್ಲಿ ಕಟ್ಟಿದ್ದು ಎಲ್ಲರಿಗೂ ತಿಳಿದದ್ದೇ. ಶೆಟ್ಟಿಹಳ್ಳಿಯ ಗೋಡೆ ನೀರಿಗೆ ಸಿಕ್ಕಿದ್ದು ಕಟ್ಟಿದ ನೂರಕ್ಕೂ ಹೆಚ್ಚು ವರ್ಷಗಳ ತರುವಾಯ. ಅಷ್ಟು ಹೊತ್ತಿಗೆ ಗಾರೆ ಪಕ್ವವಾಗಿತ್ತು.

ಆ ನೂರು ಚಿಲ್ಲರೆ ವರ್ಷ ಅಲ್ಲಿ ಏನು ಕೇಳಿಬರುತ್ತಿತ್ತು? ಬಲಿಪೂಜೆಯ ಮಂತ್ರ ಲ್ಯಾಟಿನ್ನಿನಲ್ಲಿ. ಬೋಧನೆಯೂ ಪಾಪನಿವೇದನೆಯೂ ಕನ್ನಡದಲ್ಲಿ. ಪಾದ್ರಿ ಪೀಠದ ಕಡೆಗೆ ಮುಖಮಾಡಿ ಲ್ಯಾಟಿನ್ ಹೇಳುತ್ತಿರುವಾಗ, ಹಿಂದೆ ಕುಳಿತ ರೈತಮಂದಿ ತಮ್ಮ ಪಾಡಿಗೆ ಕನ್ನಡದಲ್ಲಿ ಜಪಮಾಲೆ ಎಣಿಸುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಪೂಜಾವಿಧಿಯನ್ನು ದೇಶಭಾಷೆಗಳಲ್ಲಿ ನಡೆಸಲು ದಾರಿ ತೆರೆಯಿತು. ಅದೇ ವರ್ಷದ ನವೆಂಬರಿನಲ್ಲಿ ಚಿಕ್ಕಮಗಳೂರು ಪ್ರತ್ಯೇಕ ಧರ್ಮಪ್ರಾಂತವಾಯಿತು; ಹಾಸನ ಜಿಲ್ಲೆ ಅದಕ್ಕೆ ಸೇರಿತು. ಪೀಠದ ಹತ್ತಿರದಿಂದಲೇ ಕನ್ನಡ ಕೇಳುವ ಭಾಗ್ಯ ಆ ಗೋಡೆಗಳಿಗೆ ಒದಗಿದ್ದು ಈ ತೀರ್ಪಿನ ಆಚೆಗೆ. ಕಟ್ಟೆ ಮುಗಿದದ್ದು 1979ರಲ್ಲಿ ಎಂದೆನಲ್ಲ. ಹತ್ತು ಹನ್ನೆರಡು ವರ್ಷ ಕನ್ನಡ ಅಲ್ಲಿ ತುಂಬಿತ್ತೋ ಇಲ್ಲವೋ, ನೀರು ಬಂತು.

ಕಟ್ಟೆಯನ್ನು ಬೈಯುವುದು ನನ್ನ ಉದ್ದೇಶವಲ್ಲ. ಹೇಮಾವತಿ ಜಲಾಶಯದಲ್ಲಿ 37 ಸಾವಿರ ದಶಲಕ್ಷ ಘನ ಅಡಿಗಳಷ್ಟು ನೀರು ನಿಲ್ಲುತ್ತದೆ. ತುಂಬಿದ ಮಟ್ಟ ಸಮುದ್ರದಿಂದ 2922 ಅಡಿ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ನಾಲೆಗಳಿಗೆ ಅದು ಹರಿಯುತ್ತದೆ. ತುಮಕೂರಿನ ಕಡೆಯವನಾದ ನಾನು ಆ ನೀರನ್ನು ಕುಡಿದವನೇ. ಆದುದರಿಂದಲೇ ನನ್ನ ವಿದ್ಯಾರ್ಥಿಯ ಮಾತು ನನಗೆ ತಾಗಿದ್ದು. ನಮ್ಮ ಮನೆಯ ನಲ್ಲಿಯಲ್ಲಿ ಬಂದದ್ದು ಅವರ ಹೊಲದ ಮೇಲೆ ನಿಂತ ನೀರು.

ಮುಳುಗಡೆಯಾದ ಗುಡಿಯನ್ನು ಎತ್ತಿ ಬೇರೆ ಕಡೆ ನಿಲ್ಲಿಸಬಾರದಾಗಿತ್ತೆ ಎಂದು ಕೇಳುವವರಿದ್ದಾರೆ. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ನಮ್ಮ ಕಾಲದಲ್ಲಿ ಖೋಡೆ ಪ್ರತಿಷ್ಠಾನದವರು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಎತ್ತಿ ನಿಲ್ಲಿಸಿದ್ದು ಮೆಚ್ಚತಕ್ಕ ಕೆಲಸ. ಆದರೆ ಅದು ಹೊಯ್ಸಳರ ಕಾಲದ ಕಲ್ಲುಗುಡಿ. ಕಲ್ಲಿಗೆ ಕಲ್ಲು ಕೂಡಿಸಿ ನಿಲ್ಲಿಸಿದ್ದನ್ನು ಒಂದೊಂದಕ್ಕೂ ಸಂಖ್ಯೆ ಬರೆದು ಬಿಚ್ಚಬಹುದು, ಸಂಖ್ಯೆ ನೋಡಿ ಕೂಡಿಸಬಹುದು. ಇಟ್ಟಿಗೆಯೂ ಸುಣ್ಣವೂ ಒಂದಾಗಿ ಬೆಸೆದ ಗೋಡೆಯನ್ನು ಬಿಚ್ಚುವುದೆಂದರೆ ಒಡೆಯುವುದು. ಕಲ್ಲುಗುಡಿ ವಲಸೆ ಹೋಗಬಹುದು. ಈ ಇಗರ್ಜಿ ಹುಟ್ಟಿದಲ್ಲಿಯೇ ಇರಬೇಕು, ಇಲ್ಲವೇ ಹೋಗಬೇಕು.

ಅದು ಹೋಗುತ್ತಿರುವುದು ಹೇಗೆ ಎಂಬುದನ್ನೂ ಸರಿಯಾಗಿ ತಿಳಿಯಬೇಕು. ಜನ ಎಣಿಸುವಂತೆ ನೀರಿನಲ್ಲಿ ಮುಳುಗಿರುವ ಭಾಗಕ್ಕೆ ಹೆಚ್ಚು ಕೇಡಲ್ಲ. ಕೇಡು ಹೆಚ್ಚಾಗಿರುವುದು ನೀರು ಏರಿ ಇಳಿಯುವ ಪಟ್ಟಿಯಲ್ಲಿ. ಅಲ್ಲಿ ಇಟ್ಟಿಗೆ ನೆನೆಯುತ್ತದೆ, ಒಣಗುತ್ತದೆ; ಒಣಗುವಾಗ ಒಳಗಿನ ಲವಣ ಮೇಲ್ಮೈಗೆ ಬಂದು ಹರಳಾಗಿ ಇಟ್ಟಿಗೆಯ ಮೈಯನ್ನು ಪುಡಿಪುಡಿಯಾಗಿ ಉದುರಿಸುತ್ತದೆ. ಅಲೆಗಳು ಆ ಪುಡಿಯನ್ನು ತೊಳೆದೊಯ್ಯುತ್ತವೆ. ಇನ್ನೊಂದು ಕೇಡು ಮೇಲಿನಿಂದ. ಛಾವಣಿ ಹೋದ ಮೇಲೆ ಗೋಡೆಯ ನೆತ್ತಿ ಬಯಲಾಗಿ, ಮಳೆ ನೇರವಾಗಿ ಹೊಟ್ಟೆಗೆ ಇಳಿಯುತ್ತದೆ. ಹಕ್ಕಿ ತಂದ ಅರಳಿಯ ಬೀಜ ಸಂದಿನಲ್ಲಿ ಮೊಳೆತು ಬೇರಿನಿಂದ ಇಟ್ಟಿಗೆಯನ್ನು ಸೀಳುತ್ತದೆ. ಕಮಾನುಗಳು ಒಂದನ್ನೊಂದು ಆನಿಸಿಕೊಂಡು ನಿಂತವು. ಒಂದು ಬಿದ್ದರೆ ಪಕ್ಕದ್ದಕ್ಕೆ ಆಸರೆ ತಪ್ಪುತ್ತದೆ. ಈಚಿನ ವರ್ಷಗಳ ಮಳೆಯಲ್ಲಿ ಕೆಲವು ಭಾಗಗಳು ಬಿದ್ದೇಹೋಗಿವೆ. ಇವೆಲ್ಲದರ ಮೇಲೆ ನಾವು, ನೋಡಹೋಗುವವರು. ಗೋಡೆ ಹತ್ತಿ ಭಾವಚಿತ್ರ ತೆಗೆಸಿಕೊಳ್ಳುತ್ತೇವೆ, ಮದುವೆಗೆ ಮೊದಲೇ ವಧೂವರರನ್ನು ಅಲ್ಲಿ ನಿಲ್ಲಿಸುತ್ತೇವೆ, ಮೊಳೆಯಿಂದ ಹೆಸರು ಕೊರೆಯುತ್ತೇವೆ. ಗಾರೆಯವನಿಗೆ ಸಿಗದ ಅವಕಾಶ ನಮಗೆ ಸಿಕ್ಕಿದೆ.

ಸಿಮೆಂಟು ಮೆತ್ತಿ ಭದ್ರಪಡಿಸೋಣ ಎನ್ನುವವರ ಮಾತನ್ನು ಕೇಳಿದ್ದೇನೆ. ಅದು ಉಪಕಾರವಲ್ಲ. ಸಿಮೆಂಟು ಹಳೆಯ ಇಟ್ಟಿಗೆಗಿಂತ ಗಡಸು; ಒಳಗಿನ ತೇವ ಹೊರಬರಲು ಅದು ಬಿಡುವುದಿಲ್ಲ. ತೇವ ಇಟ್ಟಿಗೆಯಲ್ಲಿಯೇ ಸಿಕ್ಕಿಕೊಂಡು ಇಟ್ಟಿಗೆ ಕೊಳೆಯುತ್ತದೆ, ಸಿಮೆಂಟು ಮಾತ್ರ ಉಳಿಯುತ್ತದೆ. ಸುಣ್ಣದಲ್ಲಿ ಕಟ್ಟಿದ್ದನ್ನು ಸುಣ್ಣದಲ್ಲಿಯೇ ದುರಸ್ತಿ ಮಾಡಬೇಕು. ಹೊಸ ಛಾವಣಿ ಹೊದಿಸಿ, ಬಣ್ಣ ಬಳಿದು, ಹೊಸದಾಗಿ ಕಾಣಿಸಬೇಕೆಂದೂ ನನಗೆ ತೋರುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಅರಳಿಯ ಸಸಿಗಳನ್ನು ಕಿತ್ತು, ಗೋಡೆಯ ನೆತ್ತಿಗೆ ಸುಣ್ಣದ ಗಾರೆಯ ತೊಪ್ಪಿ ಹಾಕಿ, ಓಲಾಡುವ ಕಮಾನುಗಳಿಗೆ ಊರೆ ಕೊಟ್ಟು, ಹತ್ತುವವರನ್ನು ತಡೆದರೆ ಇನ್ನೊಂದು ತಲೆಮಾರು ಅದು ನಿಲ್ಲಬಹುದು. ಆದರೆ ಏನು ಮಾಡುವುದಿದ್ದರೂ ಎದ್ದುಹೋದ ಮಂದಿಯನ್ನು ಮೊದಲು ಕೇಳಬೇಕು. ನನಗೆ ತಿಳಿದಮಟ್ಟಿಗೆ ಅಲ್ಲಿ ನಡೆಯುವ ಚರ್ಚೆಯೆಲ್ಲ ಬಂದುಹೋಗುವವರ ಅನುಕೂಲವನ್ನು ಕುರಿತದ್ದು.

ಜಪಮಾಲೆ ಮಾತೆಯ ಹಬ್ಬ ಅಕ್ಟೋಬರ್ 7ರಂದು. ಮಲೆನಾಡಿನಲ್ಲಿ ಮಳೆ ಚೆನ್ನಾಗಿ ಹಿಡಿದ ವರ್ಷಗಳಲ್ಲಿ ಹೇಮಾವತಿ ತುಂಬಿ ನಿಲ್ಲುವುದೂ ಆ ಹೊತ್ತಿಗೇ. ಎಂದರೆ, ಯಾರ ಹೆಸರಿನ ಗುಡಿಯೋ ಆಕೆಯ ಹಬ್ಬದ ದಿನ ಅದರ ಬಾಗಿಲಿಗೆ ಹರಿಗೋಲಿನಲ್ಲಿ ಹೋಗಬೇಕು.

ಮೊನ್ನೆಯ ಬೇಸಿಗೆಯಲ್ಲಿ ಆ ಹಳೆಯ ವಿದ್ಯಾರ್ಥಿಯ ಜೊತೆಯಲ್ಲಿ ಮತ್ತೆ ಹೋಗಿದ್ದೆ. ಅವನಿಗೂ ಈಗ ತಲೆ ನರೆತಿದೆ. ನೀರು ದೂರ ಸರಿದು ನೆಲ ಬಿರುಕುಬಿಟ್ಟಿತ್ತು. ಒಳಗೆ ಎರಡು ಕುರಿ ಮೇಯುತ್ತಿದ್ದವು. ಈ ಸಲ ಭಾಷಣ ಅವನದು, ಕೇಳುಗ ನಾನೊಬ್ಬನೇ. ಅಜ್ಜಿ ಹೇಳಿದ್ದನ್ನು ಹೇಳುತ್ತಾ ಹೋದ: ಹೆಂಗಸರು ಈ ಪಕ್ಕ, ಗಂಡಸರು ಆ ಪಕ್ಕ, ನೆಲದ ಮೇಲೆ ಚಾಪೆ; ಗಂಟೆಯ ಸದ್ದು ಕೇಳಿ ಹೊಲದಿಂದ ನೇರವಾಗಿ ಬಂದವರು ಕಾಲು ತೊಳೆಯುತ್ತಿದ್ದದ್ದು ಅಲ್ಲಿ. ಬಾಗಿಲಿನ ಕಮಾನಿನ ಹೊರಗೆ, ಮಣ್ಣು ಮುಚ್ಚಿದ ಒಂದು ಜಾಗವನ್ನು ತೋರಿಸಿ, "ಚಪ್ಪಲಿ ಬಿಡುತ್ತಿದ್ದದ್ದು ಇಲ್ಲಿ ಸಾರ್" ಎಂದ. ನಾನು ಆಗಲೇ ಒಳಗೆ ನಾಲ್ಕು ಹೆಜ್ಜೆ ಇಟ್ಟಾಗಿತ್ತು. ಹಿಂದಕ್ಕೆ ಬಂದು ಬಿಟ್ಟೆ.